ನಿಷಾದದಲ್ಲಿ ಕೂಗುವ ಗಡಿಯಾರ

೩ ಸೆಪ್ಟೆಂಬರ್ ೨೦೨೪, ಮಾಳಮಡ್ಡಿ

ಡಾಕ್ಟರು ಇವತ್ತು ನನಗೂ ಮನೆಪಾಠ ಕೊಟ್ಟು ಕಳಿಸಿದ್ದಾರೆ. ನಮ್ಮ ಯಜಮಾನರ ಕೈ ಯಾವ ಹೊತ್ತಿಗೆ ಸಡಿಲ ಬಿಡುತ್ತದೆ, ಯಾವ ಹೊತ್ತಿಗೆ ಬಿಗಿ ಹಿಡಿದುಕೊಳ್ಳುತ್ತದೆ, ದಿನಾ ಬರೆದಿಡಬೇಕಂತೆ. ಮೂವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಮನೆಪಾಠ ಕೊಟ್ಟ ಹೆಡ್‌ಮಿಸ್ಟ್ರೆಸ್‌ಗೆ ಇದು ಆಗಬೇಕಾದದ್ದೇ. ಶಾಲೆ ಬಿಡುವಾಗ ಕೊಟ್ಟಿದ್ದ ಡೈರಿ ಖಾಲಿ ಬಿದ್ದಿತ್ತು, ತೆಗೆದೆ. ಕೈಯ ಲೆಕ್ಕ ಹಿಂದಿನ ಹಾಳೆಗಳಲ್ಲಿ ಬರೆಯುತ್ತೇನೆ. ಮುಂದಿನ ಹಾಳೆ ನನಗೆ.

ಕಾಯಿಲೆಗೆ ಪಾರ್ಕಿನ್ಸನ್ ಎಂದು ಹೆಸರು. ಮಿದುಳು ಹೇಳಿದ್ದು ಕೈಗೆ ಮುಟ್ಟುವುದಿಲ್ಲ. ಗುಳಿಗೆ ನುಂಗಿದ ಮೇಲೆ ಒಂದೆರಡು ತಾಸು ಮುಟ್ಟುತ್ತದೆ, ಆಮೇಲೆ ಮತ್ತೆ ಮೊದಲಿನಂತೆ. ಬೇರೆ ಗಂಡಸರಾಗಿದ್ದರೆ ಅಂಗಿಯ ಗುಂಡಿ, ಊಟದ ತುತ್ತು, ಇಷ್ಟಕ್ಕೇ ಅಳುತ್ತಿದ್ದರು. ಇವರದು ಹಾರ್ಮೋನಿಯಂ, ನಮ್ಮ ಕಡೆಯ ಮಾತಲ್ಲಿ ಪೇಟಿ. ಯಜ್ಞೇಶ್ವರ ಎಂದರೆ ಧಾರವಾಡದಲ್ಲಿ ಯಾರಿಗೂ ಗೊತ್ತಿಲ್ಲ, ಪೇಟಿ ಯಜ್ಞಪ್ಪ ಎಂದರೆ ರಿಕ್ಷಾದವನೂ ಮನೆ ತೋರಿಸುತ್ತಾನೆ.

ನವೆಂಬರ್ ಕೊನೆಗೆ ಇವರ ಗುರುಗಳ ಪುಣ್ಯತಿಥಿ, ಶಿಷ್ಯರೆಲ್ಲ ಕೂಡಿ ಹಾಡಿ ನುಡಿಸುವ ದಿನ. "ಅವತ್ತೊಂದು ಬೈಠಕ್ ನುಡಿಸಿಬಿಡತೇನಿ ಡಾಕ್ಟರ್, ಮುಂದ ನೀವು ಹೇಳಿದಂಗ" ಎಂದರು. ಚೌಕಾಶಿ ಮಾಡುವವರ ದನಿ. ಡಾಕ್ಟರು ಇವರಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿ, "ಗುಳಿಗಿ ಹೊತ್ತಿಗೆ ಸರಿಯಾಗಿ ಹೋಗಬೇಕ್ರಿ ಬಾಯಾರ. ಅಷ್ಟು ನಿಮ್ಮ ಕೈಯಾಗ ಅದ" ಎಂದರು.

ಹೊತ್ತು ಸರಿಯಾಗಿಡುವುದು ನನಗೆ ಹೇಳಿಕೊಡಬೇಕಾಗಿಲ್ಲ. ಇವರಿಗೆ ಹೇಳಿ ಹೇಳಿ ನಲವತ್ತು ವರ್ಷವಾಯಿತು.

೯ ಸೆಪ್ಟೆಂಬರ್

ಒಂದೂವರೆ ದಿನದ ಗಣಪತಿಯನ್ನು ಕಳಿಸಿ ಮನೆ ಸಾರಿಸುತ್ತಿದ್ದಾಗ ಜಪಾನಿನಿಂದ ಪಾರ್ಸೆಲ್ ಬಂತು. ಮಾನಸಿ ಕಳಿಸಿದ್ದು. ಮಾನಸಿ ಜಪಾನಿನವಳೇ. ಹಿಂದೆ ಪೇಟಿ ಕಲಿಯಲು ಬಂದು ನಮ್ಮ ಹಿತ್ತಲ ಖೋಲಿಯಲ್ಲಿ ಎರಡು ವರ್ಷ ಇದ್ದಳು. ಅವಳ ಹೆಸರು ಇವರ ನಾಲಿಗೆಗೆ ಹತ್ತಲಿಲ್ಲ, ಮಾನಸಿ ಎಂದು ಕರೆದರು, ಅವಳು ಹಾಗೇ ಉಳಿದಳು. ಮಕ್ಕಳಿಲ್ಲದ ಮನೆಯಲ್ಲಿ ಎರಡು ವರ್ಷ ಒಬ್ಬ ಮಗಳು ಇದ್ದ ಹಾಗಿತ್ತು.

ಕರಿ ಬೆಲ್ಟಿನ ಅಂಕಿ ಕೈಗಡಿಯಾರ. ಐದು ಅಲಾರಾಂ ಇಡಬಹುದು, ಕಾಕಾ ಅವರ ಗುಳಿಗೆಗೆ ಆಗುತ್ತದೆ ಎಂದು ಚೀಟಿ ಬರೆದಿದ್ದಾಳೆ. ಇದು ರೇಡಿಯೋ ಗಡಿಯಾರವಂತೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಗೋಪುರವೊಂದು ಸಮಯ ಕಳಿಸುತ್ತದೆ, ಗಡಿಯಾರ ಅದನ್ನು ಕೇಳಿಸಿಕೊಂಡು ತನ್ನನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಓದಿ ಹೇಳಿದೆ. ಇವರ ಮುಖ ಅರಳಿತು.

"ರೇಡಿಯೋ ಅಂದ್ರ ನಮ್ಮ ಆಕಾಶವಾಣಿದು?"

"ಅಲ್ರಿ. ಜಪಾನಿಂದು."

"ಮತ್ತ ನಮ್ಮ ಸ್ಟೇಷನ್ ಇಲ್ಲೇ ಕೂಗಳತಿ ದೂರದಾಗ ಅದ. ಅಷ್ಟು ದೂರದ್ದು ಕೇಳತದ, ಹತ್ತಿರದ್ದು ಕೇಳಂಗಿಲ್ಲೇನು? ನಿನ್ನಂಗ ಅದ ನೋಡು."

ಆ ಸ್ಟೇಷನ್ನಿಗೆ ಜೀವಮಾನವಿಡೀ ಪೇಟಿ ನುಡಿಸಲು ಹೋದವರು. ಅವರ ಮಟ್ಟಿಗೆ ರೇಡಿಯೋ ಎಂದರೆ ಅದೊಂದೇ.

ಊಟದ ಮೇಲೆ ಭೂತಗನ್ನಡಿ ಹಿಡಿದು ಕೂತೆ. ಗಡಿಯಾರದಲ್ಲಿ ಟೋಕಿಯೋದ ಸಂಜೆ. ಮೇಲಿನ ಗುಂಡಿ ಒತ್ತಿ ಹಿಡಿದರೆ ಊರಿನ ಹೆಸರು ಮಿಣುಕುತ್ತದೆ, ಆಮೇಲೆ ಇನ್ನೊಂದು ಗುಂಡಿ ಒತ್ತುತ್ತ ಊರು ಊರು ದಾಟಬೇಕು. ಹಾಂಗ್‌ಕಾಂಗ್, ಬ್ಯಾಂಕಾಕ್, ಢಾಕಾ. ಭರದಲ್ಲಿ ದಿಲ್ಲಿಯನ್ನೂ ದಾಟಿ ಕರಾಚಿಗೆ ಹೋಗಿಬಿಟ್ಟೆ. "ವೀಸಾ ಇಲ್ದ ಹೋಗಬ್ಯಾಡ" ಎಂದರು ಇವರು. ತಿರುಗಿ ಬಂದು ದಿಲ್ಲಿಯಲ್ಲಿ ನಿಲ್ಲಿಸಿದೆ. ಎಂಟು, ಹನ್ನೊಂದು, ಎರಡು, ಐದು, ರಾತ್ರಿ ಎಂಟು, ಐದೂ ಅಲಾರಾಂ ಇಟ್ಟೆ.

ಪುಸ್ತಕದ ಕೊನೆಗೆ ಒಂದು ನಕಾಶೆ. ಯಾವ ಯಾವ ದೇಶಕ್ಕೆ ಸಮಯದ ಗೋಪುರ ಕೇಳಿಸುತ್ತದೆ ಎಂದು ಗೆರೆ ಎಳೆದಿದ್ದಾರೆ. ನಮ್ಮ ಊರು ಗೆರೆಯ ಹೊರಗೆ. ದಿಲ್ಲಿಯ ಸಮಯಕ್ಕಿಟ್ಟರೆ ಅದು ಕೇಳಲು ಪ್ರಯತ್ನವನ್ನೂ ಮಾಡುವುದಿಲ್ಲವಂತೆ.

೧೦ ಸೆಪ್ಟೆಂಬರ್

ಕಟ್ಟಲು ಹೋದರೆ ಬಲಗೈ ಹಿಂದಕ್ಕೆಳೆದುಕೊಂಡರು. ಆ ಮಣಿಕಟ್ಟಿಗೆ ಗುರುಗಳು ಗಂಡಾ ಕಟ್ಟಿದ್ದಾರೆ, ಶಿಷ್ಯನನ್ನಾಗಿ ಒಪ್ಪಿಕೊಂಡಾಗ ಕಟ್ಟುವ ದಾರ. ದಾರ ಹರಿದು ಹೋಗಿ ಎಷ್ಟೋ ವರ್ಷವಾಯಿತು. "ದಾರ ಹೋದ್ರ ಜಾಗಾ ಹೋಗತದೇನು?" ಎಂದರು. ಎಡಗೈಗೆ ಕಟ್ಟಿದೆ.

ಎಂಟಕ್ಕೆ ಕೂಗಿತು. ನಾನು ನೀರು, ಗುಳಿಗೆ ಹಿಡಿದು ನಿಂತಿದ್ದೆ. ಇವರು ಗುಳಿಗೆ ತೆಗೆದುಕೊಳ್ಳದೆ ಕಿವಿಯ ಹತ್ತಿರ ಕೈ ಎತ್ತಿಕೊಂಡು ಮುಖ ಹಿಂಡಿದರು.

"ಬೇಸೂರ ಅದ."

"ಏನು?"

"ನಿನ್ನ ಗಡಿಯಾರ. ಕರಿ ಒಂದರ ಸಾ ಇಟ್ಟರ ಇದು ನಿಷಾದ. ಅದೂ ನೆಟ್ಟಗಿಲ್ಲ, ಇಳದದ. ನಿಷಾದದಾಗ ಕೂಗಿ ಸುಮ್ಮನಾಗತದ, ಸಾಕ್ಕ ಬರಂಗೇ ಇಲ್ಲ. ದಿನಕ್ಕ ಐದು ಸಲ ಇದನ್ನ ಹ್ಯಾಂಗ ಕೇಳೂದು?"

ಹಾರ್ಮೋನಿಯಂನ ಮೊದಲ ಕರಿ ಪಟ್ಟಿ ಇವರ ಸಾ. ನಿಷಾದ ಅದರ ಕೆಳಗಿನ ಮೆಟ್ಟಿಲು, ಅಲ್ಲಿ ನಿಂತರೆ ಹಾಡು ಮುಗಿದ ಹಾಗಲ್ಲ. ಮನೆಯಲ್ಲಿ ಎಲ್ಲವನ್ನೂ ಅದಕ್ಕೆ ಹಚ್ಚಿಯೇ ಅಳೆಯುತ್ತಾರೆ. ಕುಕ್ಕರಿನ ಸೀಟಿ, ಹಾಲಿನವನ ಹಾರ್ನು, ನನ್ನ ಬೈಗುಳ.

"ಗುಳಿಗಿ ನುಂಗ್ರಿ" ಎಂದೆ.

೧೬ ಸೆಪ್ಟೆಂಬರ್

ಒಂದು ರಾತ್ರಿಯಾದರೂ ಅದು ಕೇಳಿ ನೋಡಲಿ ಎಂದು ಹಟ ಹಿಡಿದರು. ನಿನ್ನೆ ಮಲಗುವ ಮುಂಚೆ ಟೋಕಿಯೋಕ್ಕೆ ತಿರುಗಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಮೂಡಣಕ್ಕೆ ಮುಖ ಮಾಡಿ ಇಡು ಎಂದರು, ಹಾಗೇ ಇಟ್ಟೆ. ಬೆಳಿಗ್ಗೆ ಏಳುವ ಮೊದಲೇ ಹಾಸಿಗೆಯಿಂದ ಕೇಳಿದರು.

"ಬಂತೇನು?"

ತಪ್ಪು ಎಂಬರ್ಥದ ಮೂರು ಇಂಗ್ಲಿಷ್ ಅಕ್ಷರ ತೋರಿಸುತ್ತಿತ್ತು. "ಇಲ್ಲ" ಎಂದೆ.

"ಇರಲಿ ಬಿಡು. ನನ್ನ ಕೈಗೂ ಬರವಲ್ದು, ಅದಕ್ಕೂ ಬರವಲ್ದು. ಇಬ್ಬರೂ ಕೂಡಿ ಸಂಸಾರ ಮಾಡತೇವಿ."

ನಕ್ಕೆ. ದಿಲ್ಲಿಗೆ ತಿರುಗಿಸುವಾಗ ಭೂತಗನ್ನಡಿ ಮಸುಕಾಯಿತು. ಅಡಿಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

೨ ಅಕ್ಟೋಬರ್

ಮೂರು ವಾರದಲ್ಲಿ ಒಂದು ಗುಳಿಗೆಯೂ ತಪ್ಪಿಲ್ಲ. ಗುಣ ಕಾಣುತ್ತಿದೆ. ಐದರ ಗುಳಿಗೆ ನುಂಗಿ ಮುಕ್ಕಾಲು ತಾಸಿಗೆ ಕೈ ಬಿಡುತ್ತದೆ, ಏಳರ ತನಕ ಪೇಟಿ ನುಡಿಸುತ್ತಾರೆ. ಆಮೇಲೆ ಬೆರಳು ಒಂದೊಂದೇ ಮಾತು ಕೇಳುವುದನ್ನು ಬಿಡುತ್ತವೆ.

ಈಗ ದಿನಾ ಭೈರವಿ ರಾಗ. ಗುರುಗಳ ಮನೆಯ ಬೈಠಕ್ ಅದರಲ್ಲೇ ಮುಗಿಯಬೇಕು. ನನಗೆ ಭೈರವಿ ಕೇಳಿದರೆ ಆ ಮನೆಯ ಪಡಸಾಲೆ ನೆನಪಾಗುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ನಾನೂ ಅಲ್ಲಿ ಹಾಡು ಕಲಿಯಲು ಹೋಗುತ್ತಿದ್ದೆ. ಮೂಲೆಯಲ್ಲಿ ಪೇಟಿ ಹಿಡಿದು ಕೂತಿದ್ದ ಹುಡುಗ ಇವರೇ. ಒಂದು ದಿನ ಗುರುಗಳು ಎಲ್ಲರ ಮುಂದೆ, "ತಂಗಿ, ನಿನ್ನ ಸಾ ಯಾವಾಗಲೂ ಚೂರು ಇಳದಿರತದ" ಎಂದರು. ಎದ್ದು ಬಂದವಳು ತಿರುಗಿ ಹೋಗಲಿಲ್ಲ. ಬಿ.ಎಡ್. ಮಾಡಿದೆ. ಗಂಟೆ ಬಾರಿಸುವುದಕ್ಕೆ ಸ್ವರ ಬೇಕಾಗಿಲ್ಲ, ಹೊತ್ತು ಗೊತ್ತಿದ್ದರೆ ಸಾಕು.

೧೪ ಅಕ್ಟೋಬರ್

ಇವತ್ತು ಇವರಿಗೆ ಹೇಳದೆ ಕಪಿಲನ ಮನೆಗೆ ಹೋಗಿದ್ದೆ. ಕಪಿಲ ಗುರುಗಳ ಮೊಮ್ಮಗ. ಪುಣ್ಯತಿಥಿಯ ಬೈಠಕ್ ಈಗ ಅವನೇ ನಡೆಸುತ್ತಾನೆ, ಕೊನೆಯ ಭೈರವಿಯನ್ನೂ ಅವನೇ ಹಾಡುತ್ತಾನೆ.

ಆ ಮನೆಯಲ್ಲಿ ಕೂಡುವ ಕ್ರಮ ಗಂಡಾ ಕಟ್ಟಿಸಿಕೊಂಡ ಕ್ರಮ. ಚಿಕ್ಕವರು ಮೊದಲು, ಹಿರಿಯ ಶಿಷ್ಯ ಕೊನೆಗೆ. ಈಗ ಎಲ್ಲರಿಗಿಂತ ಹಿರಿಯರು ಇವರೇ, ಭೈರವಿಗೆ ಪೇಟಿ ಇವರದೇ. ಆ ಜಾಗ ಒಮ್ಮೆ ಬಿಟ್ಟುಕೊಟ್ಟರೆ ಮುಂದಿನವನಿಗೆ ಹೋಯಿತು, ತಿರುಗಿ ಕೇಳುವ ಹಾಗಿಲ್ಲ. ಆದರೆ ಭೈರವಿ ಬರುವಷ್ಟರಲ್ಲಿ ಎಂಟಾಗುತ್ತದೆ, ಅಷ್ಟೊತ್ತಿಗೆ ಇವರ ಕೈ ಮುಗಿದಿರುತ್ತದೆ.

"ಇವರನ್ನ ಆರಕ್ಕ ಕೂಡಿಸಪಾ" ಎಂದೆ.

ಕಪಿಲ ಚಹಾದ ಕಪ್ಪು ಕೆಳಗಿಟ್ಟ. "ಕಾಕಾಗ ಕೇಳೀರೇನು ಕಾಕು?"

"ಕೇಳಿದ್ರ ಬ್ಯಾಡ ಅಂತಾರ. ನುಡಿಸೋದು ದೊಡ್ಡದೋ, ಜಾಗಾ ದೊಡ್ಡದೋ?"

"ಹೂಂ, ನೀವು ಹೇಳಿದಂಗ" ಎಂದ. ಚಹಾ ಆರಿ ಹೋಗಿತ್ತು. ನಾನು ಮಾಡಿದ್ದು ಸರಿ. ಶಾಲೆಯಲ್ಲೂ ಹುಷಾರಿಲ್ಲದ ಮಕ್ಕಳಿಗೆ ಮೊದಲು ಪರೀಕ್ಷೆ ತೆಗೆದುಕೊಳ್ಳುತ್ತಿದ್ದೆ.

೨ ನವೆಂಬರ್

ಪಾಡ್ಯ. ಹನ್ನೊಂದರ ಗುಳಿಗೆ ಹತ್ತಲೇ ಇಲ್ಲ. ಆರತಿ ಮಾಡಿ ಹೊಸ ಅಂಗಿ ಕೊಟ್ಟೆ, ಗುಂಡಿ ಹಾಕಲು ಒದ್ದಾಡುತ್ತಿದ್ದರು. ಒಲೆಯ ಮೇಲೆ ಹಾಲು, ಬಾಗಿಲಲ್ಲಿ ಜನ. "ಲಗೂ ಮಾಡ್ರಿ" ಎಂದು ಒದರಿದೆ. ಗುಂಡಿ ಬಿಟ್ಟು ನನ್ನ ಮುಖ ನೋಡಿದರು. ಲಗೂ ಮಾಡಲು ಬಂದಿದ್ದರೆ ಮಾಡುತ್ತಿರಲಿಲ್ಲವೇ? ಗುಂಡಿ ನಾನೇ ಹಾಕಿದೆ.

೨೩ ನವೆಂಬರ್

ನಾಳೆ. ಧೋತರ ಇಸ್ತ್ರಿ ಮಾಡಿಸಿದೆ. ಇವರು ಪೇಟಿಯನ್ನು ತಾವೇ ಒರೆಸಿದರು, ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಕಪಿಲನ ಹತ್ತಿರ ಆಡಿದ ಮಾತು ಇವರಿಗೆ ಇನ್ನೂ ಹೇಳಿಲ್ಲ.

೨೫ ನವೆಂಬರ್

ನಿನ್ನೆಯದನ್ನು ನಿನ್ನೆ ಬರೆಯಲಾಗಲಿಲ್ಲ.

ನಾಲ್ಕಕ್ಕೆ ಶುರು ಎಂದದ್ದು. ನಾವು ಹೋದಾಗ ಇನ್ನೂ ಜಮಖಾನೆ ಝಾಡಿಸುತ್ತಿದ್ದರು. ಧಾರವಾಡದ ಬೈಠಕ್ ಹೊತ್ತಿಗೆ ಸರಿಯಾಗಿ ಶುರುವಾದರೆ ಕೇಳುವವರೇ ಗಾಬರಿಯಾಗುತ್ತಾರೆ. ಐದಕ್ಕೆ ಗಡಿಯಾರ ಕೂಗಿತು, ಗುಳಿಗೆ ಕೊಟ್ಟೆ. ಆರರ ಸುಮಾರಿಗೆ ಇವರ ಭುಜ ಸಡಿಲಾಯಿತು, ಮುಖಕ್ಕೆ ಕಳೆ ಬಂತು. ನಾನು ಕಪಿಲನ ಕಡೆ ನೋಡಿದೆ. ಅವನು ಬಂದು ಬಗ್ಗಿ, "ಕಾಕಾ, ಈಗ ನೀವು ಕೂಡ್ರಿ" ಎಂದ.

ಇವರು ಅವನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಎಲ್ಲಾ ತಿಳಿದುಹೋಯಿತು.

"ನನಗಿಂತ ಮೊದಲ ಇನ್ನೂ ನಾಕ ಮಂದಿ ಇದ್ದಾರಪಾ. ಅವರದಾಗಲಿ."

"ಈಗ ಕೈ ಬಿಟ್ಟದರೀ" ಎಂದು ಕಿವಿಯಲ್ಲಿ ಹೇಳಿದೆ. "ಆಮ್ಯಾಲೆ ಆಗಂಗಿಲ್ಲ."

"ಗೊತ್ತದ ಮಂದಾ."

ಅಷ್ಟೇ. ಸಿಟ್ಟು ಮಾಡಿದ್ದರೆ ಚಲೋ ಇತ್ತು, ತಿರುಗಿ ಬೈಯಬಹುದಿತ್ತು. ಮುಂದಿನ ಗುಳಿಗೆಯನ್ನಾದರೂ ಲಗೂ ಕೊಡಲೇ ಎಂದೆ. ಮುಂಚೆ ಕೊಟ್ಟರೆ ಇವರ ಕುತ್ತಿಗೆ, ಮೈ ತಾವಾಗಿ ತೂಗಾಡುತ್ತವೆ. "ಗುರುಗಳ ಫೋಟೋ ಮುಂದ ಕುಣೀಲೇನು?" ಎಂದರು.

ಒಬ್ಬರ ನಂತರ ಒಬ್ಬರು ಹಾಡಿದರು. ಇವರು ಕಣ್ಣು ಮುಚ್ಚಿ ಕೂತಿದ್ದರು. ಬಲಗೈ ತೊಡೆಯ ಮೇಲಿತ್ತು. ಬೆರಳುಗಳು ಧೋತರದ ಮೇಲೆ ಓಡಾಡುತ್ತಿದ್ದವು. ಹಾಡುವವರ ತಾನಿನ ಹಿಂದೆ, ಒಮ್ಮೊಮ್ಮೆ ಅದರ ಮುಂದೆ. ಎಷ್ಟು ಚೆಂದ ನಡೆಯುತ್ತಿದ್ದವು! ನಲವತ್ತು ವರ್ಷದ ಸಂಸಾರದಲ್ಲಿ ನಾನು ಈ ಬೆರಳುಗಳನ್ನು ಹೀಗೆ ಕೂತು ನೋಡಿರಲಿಲ್ಲ. ಬೈಠಕ್ಕಿನಲ್ಲಿ ನಾನು ಯಾವಾಗಲೂ ನೋಡುತ್ತಿದ್ದುದು ಗೋಡೆಯ ಗಡಿಯಾರವನ್ನು. ಕಾದುಕೊಂಡಿದ್ದ ಒಳ್ಳೆಯ ಹೊತ್ತೆಲ್ಲ ತೊಡೆಯ ಮೇಲೆ ಕಳೆಯಿತು. ನಿಧಾನಕ್ಕೆ ಕಿರುಬೆರಳು ನಿಂತಿತು, ಆಮೇಲೆ ಉಳಿದವು.

ಭೈರವಿಗೆ ಕಪಿಲ ತೋಳು ಹಿಡಿದು ಒಯ್ದು ಕೂಡಿಸಿದ. ತಬಲಾಕ್ಕೆ ಕೂಡುವ ಹುಡುಗ ಸುಫಿಯಾನ ಅದನ್ನು ಸರಿಮಾಡಿಕೊಂಡ. ಇವರ ಎಡಗೈ ಹೇಗೋ ಪೇಟಿಯ ಭಾತೆಯ ಮೇಲೆ ಬಂತು, ತಿದಿ ಒತ್ತಿ ಗಾಳಿ ತುಂಬಿತು. ಬಲಗೈ ಪಟ್ಟಿಗಳ ಮೇಲೆ ಸತ್ತ ಹಾಗೆ ಬಿದ್ದಿತ್ತು. ಕಪಿಲ ಕಾದ. ತಂಬೂರಿ ನುಡಿಯುತ್ತಲೇ ಇತ್ತು. ಸುಫಿಯಾನ ಸರಿಯಿದ್ದ ತಬಲಾವನ್ನೇ ಮತ್ತೆ ಸರಿಮಾಡಿದ. ಜನರೆಲ್ಲ ಜಮಖಾನೆಯ ಪಟ್ಟೆ ನೋಡುತ್ತಿದ್ದರು. ನನಗೆ ಎದ್ದು ಹೋಗಿ ಮನೆಗೆ ನಡೀರಿ ಎಂದುಬಿಡಬೇಕು ಎನಿಸಿತು.

ಆಗ ಗಡಿಯಾರ ಕೂಗಿತು. ಎಂಟರ ಅಲಾರಾಂ. ಆರಿಸಲು ಮರೆತಿದ್ದೆ, ನಾನು! ತುಂಬಿದ ಬೈಠಕ್ಕಿನಲ್ಲಿ, ಗುರುಗಳ ಫೋಟೋ ಮುಂದೆ, ಟೀ ಟೀ ಟೀ ಎಂದು. ಎಲ್ಲರೂ ತಿರುಗಿ ನೋಡಿದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಇವರು ತಲೆ ಎತ್ತಿ ಅದನ್ನು ಪೂರ್ತಿ ಕೇಳಿದರು, ಚಿಕ್ಕ ಶಿಷ್ಯನ ಪಾಠ ಕೇಳುವ ಹಾಗೆ. ಗಡಿಯಾರ ನಿಷಾದದಲ್ಲಿ ಕೂಗಿ, ಎಂದಿನಂತೆ ಅಲ್ಲೇ ಬಿಟ್ಟು ಸುಮ್ಮನಾಯಿತು. ಅದು ನಿಂತ ಕೂಡಲೇ ಇವರ ನಡುಬೆರಳು ಎದ್ದು ಮೊದಲ ಕರಿ ಪಟ್ಟಿಯ ಮೇಲೆ ಇಳಿಯಿತು.

ಸಾ.

ಯಾರಾದರೂ ನಿಷಾದದಲ್ಲಿ ಬಿಟ್ಟರೆ ಸಾ ಕೊಡಬೇಕು. ಆ ಬೆರಳು ಜೀವಮಾನವಿಡೀ ಕೊಟ್ಟಿದೆ. ಅದಕ್ಕೆ ಯಾರೂ ಹೇಳಿ ಕಳಿಸಬೇಕಾಗಿಲ್ಲ. ಕಪಿಲ ಆ ಸಾ ಹಿಡಿದು ಹಾಡಲು ತೊಡಗಿದ. ಬೆರಳು ಮತ್ತೆ ಏಳಲಿಲ್ಲ. ಇಡೀ ಭೈರವಿಗೆ ಇವರು ಒಂದೇ ಸ್ವರ ಹಿಡಿದು ಕೂತರು. ಭಾತೆ ಒಮ್ಮೊಮ್ಮೆ ನಿಂತು ಸ್ವರ ಕಡಿಯುತ್ತಿತ್ತು, ಆಮೇಲೆ ಮತ್ತೆ ಬರುತ್ತಿತ್ತು. ನಾನು ಅತ್ತೆ. ಮುಗಿದ ಮೇಲೆ ಸುಫಿಯಾನ ಇವರ ಕಾಲು ಮುಟ್ಟಿ ಹಾಗೇ ಸ್ವಲ್ಪ ಹೊತ್ತು ಬಗ್ಗಿಕೊಂಡಿದ್ದ.

ರಿಕ್ಷಾದಲ್ಲಿ ಇವರೇ ಮಾತು ತೆಗೆದರು. "ನಿನ್ನ ಗಡಿಯಾರ ಒಮ್ಮೆ ಕೆಲಸಕ್ಕ ಬಂತು ನೋಡು."

ಎಂಟರ ಗುಳಿಗೆ ಮನೆಗೆ ಬಂದ ಮೇಲೆ ನೆನಪಾಯಿತು. ಎಷ್ಟು ತಡವಾಗಿತ್ತೋ, ಹಿಂದಿನ ಹಾಳೆಯಲ್ಲಿ ಬರೆದಿಲ್ಲ.

೫ ಡಿಸೆಂಬರ್

ಈಗ ಹೊಸ ಆಟ. ಗಡಿಯಾರ ಕೂಗಿ ನಿಂತ ಕೂಡಲೇ ಇವರು ಎಲ್ಲಿದ್ದರೂ ಗಂಟಲಲ್ಲೇ ಸಾ ಕೊಡುತ್ತಾರೆ. ಬಚ್ಚಲಲ್ಲಿದ್ದರೂ ಬಿಡುವುದಿಲ್ಲ. ಇವತ್ತು ಕುಕ್ಕರಿನ ಸೀಟಿ ಗಾಂಧಾರದ ಹತ್ತಿರ ಬಂದ ಹಾಗಿತ್ತು. ನನಗೇಕೆ ಬೇಕು ಆ ಉಸಾಬರಿ? ಬೇಳೆ ಬೆಂದಿರಲಿಲ್ಲ.

ಮಾನಸಿ ಮೊಬೈಲಿನಲ್ಲಿ ಕೇಳಿದ್ದಳು, ಗಡಿಯಾರಕ್ಕೆ ಅಲ್ಲಿ ಸಿಗ್ನಲ್ ಬಂತೇ ಎಂದು. ಬಂತು ಎಂದು ಬರೆದೆ.

೨೧ ಜನವರಿ ೨೦೨೫

ಸಂಕ್ರಾಂತಿಯ ಮರುದಿನ ಬಚ್ಚಲಲ್ಲಿ ಬಿದ್ದರು. ಸೊಂಟದ ಎಲುಬು. ಆಸ್ಪತ್ರೆಯಿಂದ ಇವತ್ತು ಬಂದೆವು. ಇನ್ನು ಮಂಚವೇ. ಸಲಾಯಿನ್ ಹಚ್ಚುವಾಗ ನರ್ಸು ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಬಳೆಗಳ ಹಿಂದೆ ಕಟ್ಟಿಕೊಂಡೆ, ಅಲ್ಲೇ ಇದೆ.

ದನಿ ಬಹಳ ಸಣ್ಣದಾಗಿದೆ. ಕೇಳಬೇಕಾದರೆ ಬಾಯಿಯ ಹತ್ತಿರ ಕಿವಿ ಇಡಬೇಕು. ಆದರೂ ಗಡಿಯಾರಕ್ಕೆ ಸಾ ಕೊಡುವುದು ತಪ್ಪಿಸಿಲ್ಲ.

೧೮ ಫೆಬ್ರವರಿ

ಪೇಟಿಯನ್ನು ಕಪಿಲನ ಮನೆಗೆ ಕಳಿಸು ಎಂದರು. ಎರಡು ಸಲ ಹೇಳಿಸಿದೆ, ಕೇಳಿಸಲಿಲ್ಲ ಎಂದು ನಟಿಸಿದೆ. ಸುಫಿಯಾನ ಬಂದು ಎತ್ತಿಕೊಂಡು ಹೋದ. ಮಂಚದಿಂದ ಬಾಗಿಲಿನ ತನಕ ಕಣ್ಣಲ್ಲೇ ಕಳಿಸಿಕೊಟ್ಟರು. ಪೇಟಿ ಇದ್ದ ಜಾಗದಲ್ಲಿ ನೆಲ ಬೇರೆ ಬಣ್ಣ. ಅಲ್ಲಿ ಏನೂ ಇಡಲು ಮನಸ್ಸಾಗಲಿಲ್ಲ.

೩೦ ಮಾರ್ಚ್, ಯುಗಾದಿ

ಬೇವು ಮಾಡಿ ಚಮಚೆಯಲ್ಲಿ ತುಟಿಗೆ ಹಚ್ಚಿದೆ. ನುಂಗಲು ಆಗುವುದಿಲ್ಲ. ರುಚಿ ತಿಳಿಯಿತು, ಕಣ್ಣು ಸಣ್ಣದು ಮಾಡಿದರು. ನಾಲ್ಕು ದಿನದಿಂದ ಮಾತಿಲ್ಲ.

ಮಂಚದ ಹತ್ತಿರ ಕೂತಿದ್ದೆ. ಬಿಸಿಲು ಕಿಟಕಿಯಿಂದ ಸರಿದು ಇವರ ಕಾಲಿನ ಮೇಲೆ ಬಂದಿತ್ತು. ಗಡಿಯಾರ ಕೂಗಿತು. ಯಾವ ಹೊತ್ತಿನದೋ, ನೋಡಲಿಲ್ಲ. ಕೂಗಿ ನಿಂತಿತು. ಇವರ ತುಟಿ ಬಿಚ್ಚಿತು. ಗಂಟಲು ಅಲುಗಿತು. ಕಾದೆ, ದನಿ ಬರಲಿಲ್ಲ. ಮತ್ತೆ ಪ್ರಯತ್ನ ಮಾಡಿದರು. ಬರಲಿಲ್ಲ. ನನ್ನ ಮುಖ ನೋಡಿದರು, ಪಾಡ್ಯದ ದಿನ ಗುಂಡಿ ಬಿಟ್ಟು ನೋಡಿದ ಹಾಗೆ.

ನಾನೇ ಕೊಟ್ಟೆ. ಸಾ.

ಆ ಪಡಸಾಲೆಯಿಂದ ಎದ್ದು ಬಂದ ಮೇಲೆ ಮೊದಲ ಸಲ. ದನಿ ಒಡೆದಿತ್ತು, ನಡುಗುತ್ತಿತ್ತು, ನನ್ನದೇ ಎಂದು ಗುರುತು ಸಿಗಲಿಲ್ಲ. ಇವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತುಟಿ ಏನೋ ಅಂದಿತು. ಕಿವಿ ಹತ್ತಿರ ಒಯ್ದೆ.

"ಇಳದದ" ಎಂದರು. ಸ್ವಲ್ಪ ತಡೆದು, "ಏರಿಸು" ಎಂದರು.

ಏರಿಸಿದೆ.